ಬಸ್ಸಿನ ಹಿಂದೆ ನುಗ್ಗಿದ ವ್ಯಾನು

ಒಮ್ಮೆ ಒಗೆದು, ಇಸ್ತ್ರಿ ಹಾಕಿ, ಮಡಚಿಟ್ಟಿದ್ದ ಹಾಸುಗಳನ್ನೇ ಅಕ್ಕ ಎರಡನೆಯ ಸಲ ಒಗೆಯುತ್ತಿದ್ದಳು. ಬಿಳಿ ಬಟ್ಟೆಯ ಮೇಲೆ ಕರ್ರಗಿನ ಎಂಜಿನ್ ಎಣ್ಣೆ. ಎಷ್ಟು ತಿಕ್ಕಿದರೂ ಕಲೆ ಜಪ್ಪಯ್ಯ ಅನ್ನಲಿಲ್ಲ. ತಮ್ಮ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ. ಸ್ಟೀರಿಂಗ್ ಬಡಿದು ಅವನ ಎದೆ ಊದಿಕೊಂಡಿತ್ತು. ಕೆಮ್ಮು ಬಂದಾಗಲೆಲ್ಲ ಕೈಯಿಂದ ಒತ್ತಿ ಹಿಡಿಯುತ್ತಿದ್ದ.

ಅಕ್ಕ ತಮ್ಮ ಇಬ್ಬರೂ ಸೇರಿ ನಡೆಸುವ ಪುಟ್ಟ ಲಾಂಡ್ರಿ ಅದು. ಪೇಟೆಯ ನಡುವಿನ ಲಾಡ್ಜಿನ ಹಾಸು, ದಿಂಬಿನ ಚೀಲ ಒಗೆದುಕೊಟ್ಟೇ ಅವರ ಮನೆ ನಡೆಯಬೇಕು. ಆ ಬೀದಿಗೆ ಎಲ್ಲ ಗಾಡಿಗೂ ಪ್ರವೇಶವಿಲ್ಲ. ಬೀದಿಯ ಬಾಯಲ್ಲೇ ನೆಲದಿಂದ ಏಳುವ ಕಬ್ಬಿಣದ ಕಂಬಗಳಿವೆ. ಪರವಾನಗಿ ಇದ್ದ ಗಾಡಿ ಬಂದರೆ ಕೆಳಗಿಳಿಯುತ್ತವೆ, ಅದು ದಾಟಿದೊಡನೆ ಮತ್ತೆ ಏಳುತ್ತವೆ. ತಮ್ಮನ ವ್ಯಾನಿಗೆ ಪರವಾನಗಿ ಇರಲಿಲ್ಲ. ದಿನವೂ ಬಸ್ಸಿನ ಬಾಲ ಹಿಡಿದು ಸರಕ್ಕನೆ ನುಗ್ಗುತ್ತಿದ್ದ. ಆ ದಿನ ಬೆಳಿಗ್ಗೆ ಕಂಬ ವ್ಯಾನಿನ ಹೊಟ್ಟೆಯ ಕೆಳಗೇ ಎದ್ದಿತು. ಎಂಜಿನ್ ಒಡೆದು ಎಣ್ಣೆ ಹರಿಯಿತು. ಹಿಂದಿನ ಬಾಗಿಲು ಕಿತ್ತುಕೊಂಡು ಹಾಸಿನ ಗಂಟುಗಳೆಲ್ಲ ಆ ಎಣ್ಣೆಯಲ್ಲೇ ಬಿದ್ದವು.

"ಆ ಹಾಳು ಕಂಬಕ್ಕೆ ಕಣ್ಣಿಲ್ವಾ ಅಕ್ಕಾ?"

"ನಿನಗಿದ್ವಲ್ಲ ಎರಡು!"

ತಮ್ಮ ಮುಖ ಸಿಂಡರಿಸಿದ. "ನಾಳೆ ಬೆಳಿಗ್ಗೆ ಹಾಸು ಬರದಿದ್ರೆ ಬೇರೆಯವರನ್ನ ನೋಡ್ಕೋತೀನಿ ಅಂದಿದ್ದಾರೆ ಲಾಡ್ಜಿನ ಮ್ಯಾನೇಜರು. ಕಿರಾಣಿ ಅಂಗಡಿಯವರ ವ್ಯಾನ್ ಕೇಳಿಟ್ಟಿದ್ದೀನಿ. ನಾಳೆ ಬಸ್ಸಿಗೆ ಅಂಟಿಕೊಂಡೇ ಹೋಗ್ತೀನಿ ನೋಡು. ಇವತ್ತು ಸ್ವಲ್ಪ ದೂರ ಬಿಟ್ಟೆ, ಅದೇ ತಪ್ಪಾಗಿದ್ದು."

ಅಕ್ಕನ ಕೈ ನೊರೆಯೊಳಗೇ ನಿಂತಿತು. ವ್ಯಾನು ಹೋಯಿತು, ಹೋಗಲಿ. ನಾಳೆ ಇವನೇ ಹೋದರೆ?

"ಆ ಅರ್ಜಿಗೆ ಒಂದು ಸಹಿ ಹಾಕೋ. ಒಳಗೆ ಸಾಮಾನು ಕೊಡೋ ಗಾಡಿಗಳಿಗೆ ನಗರಸಭೆಯವರೇ ಪರವಾನಗಿ ಕೊಡ್ತಾರಂತೆ. ಹೋದ ವರ್ಷವೇ ಬರೆದಿಟ್ಟಿದ್ದೀನಿ. ಗಾಡಿ ನಿನ್ನ ಹೆಸರಲ್ಲಿದೆ, ನನ್ನ ಸಹಿ ನಡೆಯಲ್ಲ."

"ಕೇಳಿದ್ರೆ ಇಲ್ಲ ಅಂತಾರೆ. ಕೇಳದಿದ್ರೆ ಇಲ್ಲ ಅನ್ನೋಕೆ ಯಾರಿದ್ದಾರೆ?"

ಅಷ್ಟರಲ್ಲಿ ಪಕ್ಕದ ಮನೆಯ ಬಸ್ ಡ್ರೈವರ್ ಒಳಗೆ ಬಂದರು. ಕೇರಿಯವರಿಗೆಲ್ಲ ಅವರು ಬಸ್ಸಣ್ಣ. ತಮ್ಮ ದಿನವೂ ಬೆನ್ನು ಹತ್ತುತ್ತಿದ್ದುದು ಅವರ ಬಸ್ಸನ್ನೇ.

"ಎದೆ ಹೇಗಿದೆ ಮಾರಾಯ?"

"ಬನ್ನಿ ಬಸ್ಸಣ್ಣ. ನಿಮಗೆ ಬಾಗಿಲು ತೆಗೆದ ಕಂಬ ನನಗೆ ಗುದ್ದಿತಲ್ಲ, ಇದ್ಯಾವ ನ್ಯಾಯ?"

"ನನ್ನ ಬಸ್ಸಲ್ಲಿ ಒಂದು ಪುಟ್ಟ ಡಬ್ಬಿ ಕೂರಿಸಿದ್ದಾರೆ. ಅದನ್ನ ಗುರುತು ಹಿಡಿದು ಕಂಬ ಇಳಿಯುತ್ತೆ. ನಾನು ದಾಟಿದ್ರೆ ಅದರ ಕೆಲಸ ಮುಗೀತು. ಹಿಂದೆ ನೀನಿದ್ರೂ ಅದು ಕಾಯುತ್ತೆ ಅಂತ ನಂಬಿಕೊಂಡು ಹೋಗೋಕಾಗಲ್ಲ ಕಣೋ."

"ಇಷ್ಟು ದಿನ ಏನೂ ಆಗಿರಲಿಲ್ಲವಲ್ಲ?"

"ಇವತ್ತು ಆಯ್ತಲ್ಲ."

"ಅದಕ್ಕೇ ನಾಳೆ ಇನ್ನೂ ಹತ್ತಿರ ಬರ್ತೀನಿ."

ಬಸ್ಸಣ್ಣ ಗೋಡೆಗೆ ಒರಗಿ ಕೂತರು. "ಕಂಬ ದಾಟಿದ ಕೂಡಲೇ ಶಾಲೆ ಮಕ್ಕಳು ರಸ್ತೆ ದಾಟ್ತಾರೆ. ನೀನು ಬೆನ್ನಿಗೆ ಅಂಟಿಕೊಂಡಿದ್ರೆ ನನಗೆ ಬ್ರೇಕ್ ಒತ್ತೋಕೂ ಭಯ. ಒತ್ತಿದ್ರೆ ನೀನು ಬಂದು ಗುದ್ದುತ್ತೀಯ, ಒತ್ತದಿದ್ರೆ ಮಕ್ಕಳು. ಇವತ್ತು ಕನ್ನಡಿಯಲ್ಲಿ ನಿನ್ನ ವ್ಯಾನ್ ಮೇಲೆದ್ದಿದ್ದು ನೋಡಿದೆ. ನೀನು ಇಳಿಯಲೇ ಇಲ್ಲ. ಹೋದ ಅಂದುಕೊಂಡೆ ಕಣೋ. ಅಲ್ಲೇ ಬಸ್ಸು ನಿಲ್ಲಿಸಿಬಿಟ್ಟೆ."

ತಮ್ಮ ತಲೆ ತಗ್ಗಿಸಿದ. ಮುಂದೆ ಹೋಗುವ ಬಸ್ಸಿನಲ್ಲೂ ಒಬ್ಬ ಮನುಷ್ಯ ಕೂತಿರುತ್ತಾನೆ ಎಂಬುದು ಅವನಿಗೆ ಅಂದಿನವರೆಗೂ ಹೊಳೆದಿರಲಿಲ್ಲ.

"ಕಂಬದ ಪಕ್ಕದ ಕೆಂಪು ದೀಪ ಕೆಟ್ಟು ಯಾವ ಕಾಲ ಆಯ್ತು!" ಅಂದ ಮೆಲ್ಲಗೆ.

"ನಿಜ. ಅದು ನಗರಸಭೆಯವರ ತಪ್ಪೇ. ಅದನ್ನೂ ಅರ್ಜಿಯಲ್ಲಿ ಬರಿ. ಆದ್ರೆ ದೀಪ ಉರೀತಿಲ್ಲ ಅಂದ್ರೆ ದಾರಿ ಬಿಟ್ಟಿದ್ದಾರೆ ಅಂತಲ್ಲ."

"ನಾಳೆ ಬಟ್ಟೆ ಹೇಗೆ ತಲುಪಿಸೋದು?"

"ಕಂಬದ ಈಚೆಗೆ ಸಾಮಾನು ಇಳಿಸೋ ಜಾಗ ಇದೆ. ಅಲ್ಲಿಂದ ತಳ್ಳುಗಾಡಿ," ಅಂದಳು ಅಕ್ಕ.

"ತಳ್ಳುಗಾಡೀನಾ? ಜನ ನೋಡ್ತಾರೆ ಅಕ್ಕಾ."

"ನೋಡಲಿ ಬಿಡು. ಇವತ್ತು ಕಂಬದ ಮೇಲೆ ಕೂತಿದ್ದಾಗ ನೋಡಲಿಲ್ವಾ? ಫೋಟೋ ಬೇರೆ ತೆಗೆದರು."

ಬಸ್ಸಣ್ಣ ಗೊಳ್ಳನೆ ನಕ್ಕರು. ತಮ್ಮನಿಗೂ ನಗು ಬಂತು. ನಕ್ಕರೆ ಎದೆ ನೋವು, ಅಯ್ಯೋ ಅಂದ.

ಮರುದಿನ ಬೆಳಿಗ್ಗೆ ಕಿರಾಣಿ ಅಂಗಡಿಯವರೇ ವ್ಯಾನು ತಂದು ಕಂಬದ ಈಚೆಗೆ ಗಂಟುಗಳನ್ನು ಇಳಿಸಿಕೊಟ್ಟರು. ಅಕ್ಕ ಗಾಡಿ ತಳ್ಳಿದಳು, ತಮ್ಮ ಗಂಟು ಬೀಳದಂತೆ ಹಿಡಿದುಕೊಂಡ. ತಡವಾಯಿತೆಂದು ಮ್ಯಾನೇಜರು ಗೊಣಗಿದರು, ಕಲೆ ಉಳಿದ ಹಾಸನ್ನು ವಾಪಸ್ಸು ಎಸೆದರು. ಆದರೂ ಉಳಿದದ್ದನ್ನು ತೆಗೆದುಕೊಂಡು, ನಾಳೆಯೂ ತನ್ನಿ ಎಂದರು.

ಹಿಂತಿರುಗುವಾಗ ತಮ್ಮ ಖಾಲಿ ಗಾಡಿಯ ಹಲಗೆಯ ಮೇಲೆ ಅರ್ಜಿ ಹರಡಿಕೊಂಡು ಕೆಟ್ಟ ದೀಪದ ಮಾತು ಸೇರಿಸಿದ. ಸಹಿ ಹಾಕಿ ಲಕೋಟೆ ಅಂಟಿಸಿದ. ಬೀದಿಯ ತಿರುವಿನ ಅಂಚೆಡಬ್ಬಿಯ ಮುಂದೆ ಬಂದು, ಕೈ ಮುಂದೆ ಮಾಡಿ, ಹಾಗೇ ನಿಂತ.

"ಇಲ್ಲ ಅಂದ್ರೆ, ಅಕ್ಕಾ?"

"ಇನ್ನೊಂದು ಬರೆಯೋಣ. ಅಲ್ಲೀವರೆಗೆ ತಳ್ಳುಗಾಡಿ ಇದೆ."

ಅವನು ಯೋಚಿಸುತ್ತಿರಲಿ. ಅಷ್ಟರಲ್ಲಿ ನಿಮಗೊಂದು ಮಾತು. ಏಳುವ ಕಂಬ ಎದುರಾದರೆ ಗಾಡಿ ನಿಲ್ಲಿಸಿ ನೋಡಿ. ಮುಂದಿನ ಗಾಡಿಗೆ ದಾರಿ ಸಿಕ್ಕಿತೆಂದು ನೀವು ನುಗ್ಗಬೇಡಿ. ಅದು ಅವರ ದಾರಿ, ನಿಮ್ಮದಲ್ಲ. ಒಳಗೆ ನಿಮಗೆ ಕೆಲಸವಿದ್ದರೆ ಪರವಾನಗಿ ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ. ದೀಪ ಕೆಟ್ಟಿದ್ದರೆ, ಫಲಕ ಬಿದ್ದಿದ್ದರೆ ನೀವೇ ತಿಳಿಸಿ. ಬೇರೆ ಯಾರೋ ಹೇಳುತ್ತಾರೆಂದು ಕಾಯಬೇಡಿ. ಬೆಳಿಗ್ಗೆ ಹೋದವರು ನೆಟ್ಟಗೆ ಮನೆಗೆ ಬರಲಿ, ನಮಗೆ ಬೇಕಾದದ್ದು ಅಷ್ಟೇ.

ತಮ್ಮ ಒಮ್ಮೆ ಅಕ್ಕನ ಮುಖ ನೋಡಿದ. ಬೆರಳು ಸಡಿಲಿಸಿದ. ಲಕೋಟೆ ಡಬ್ಬಿಯ ತಳಕ್ಕೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.