ಹಾದಿಮನಿ ಪಾಸ್ಟರ ಪ್ರಸಂಗಪೀಠ

ಬೇವಿನ ಮರವಾಗಿದ್ದ ನನ್ನನ್ನು ಪ್ರಸಂಗಪೀಠ ಮಾಡಿದವನು ಯೋನಪ್ಪ. ಗದಗದ ಕಡೆಯ ಒಂದು ಸಣ್ಣ ಊರಿನಲ್ಲಿ, ಕ್ರೈಸ್ತ ಸಭೆಯ ಪ್ರಾರ್ಥನಾಲಯದ ಅಂಗಳದಲ್ಲಿ ನಾನು ಬೆಳೆದಿದ್ದೆ. ಬಿರುಗಾಳಿಗೆ ಬಿದ್ದಾಗ ಸೌದೆಗೆ ಕೊಟ್ಟುಬಿಡೋಣ ಎಂದವರೇ ಹೆಚ್ಚು. ಯೋನಪ್ಪ ಒಪ್ಪಲಿಲ್ಲ. ಅವನು ಬಡಿಗ, ಸಭೆಯ ಹಿರಿಯನೂ ಹೌದು. ನನ್ನನ್ನು ಕೊಯ್ದು, ಒಣಗಿಸಿ, ಮುಂಭಾಗದಲ್ಲಿ ಶಿಲುಬೆ ಕೆತ್ತಿ, ಸತ್ಯವೇದ ಇಡಲು ಮೇಲೊಂದು ಇಳಿಜಾರು ಹಲಗೆ ಕೂರಿಸಿದ. ಬೇವಿಗೆ ಹುಳ ಹಿಡಿಯುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಬೆಂಚಿನ ಮೇಲೆ ಕುಳಿತವರಿಗೆ ಪ್ರಸಂಗಿಯ ಎದೆಯಿಂದ ಮೇಲಷ್ಟೇ ಕಾಣುತ್ತದೆ. ಉಳಿದದ್ದು ನನಗೆ ಗೊತ್ತು. ತಿಮೊಥಿ ಹಾದಿಮನಿ ಪಾಸ್ಟರು ಚಿಕ್ಕ ವಯಸ್ಸಿನಲ್ಲೇ ಈ ಸಭೆಗೆ ಬಂದವರು. ಬಾಯಿ ತೆರೆಯುವ ಮುಂಚೆ ಅವರ ಮೊಣಕಾಲು ನಡುಗುತ್ತಿತ್ತು. ತಲೆಗೂದಲು ನರೆತ ಮೇಲೂ ಆ ನಡುಕ ಹೋಗಲಿಲ್ಲ. ಸತ್ಯವೇದದ ಜೊತೆ ಆ ವಾರದ ಪೇಪರನ್ನೂ ಮಡಚಿ ತರುತ್ತಿದ್ದರು. ಉಳ್ಳಾಗಡ್ಡಿ ದರ, ಎಲ್ಲೋ ನಡೆಯುವ ಯುದ್ಧ, ಹೈವೇಯಲ್ಲಿ ಉರುಳಿದ ಲಾರಿ, ಎಲ್ಲವೂ ಪ್ರಾರ್ಥನೆಯೊಳಗೆ ಬರುತ್ತಿದ್ದವು.

"ಪೇಪರ್ ಓದದ ಪ್ರಾರ್ಥನಾ ಮಾಡೂದು ಅಂದ್ರ ವಿಳಾಸ ಇಲ್ಲದ ಕಾಗದ ಹಾಕಿದಂಗ," ಎನ್ನುತ್ತಿದ್ದರು.

ಸಭೆಗೆ ಒಂದೇ ದೊಡ್ಡ ಕೊರತೆ. ಮಿಷನ್ ಕಾಲದ ಸ್ಮಶಾನ ತುಂಬಿಹೋಗಿತ್ತು. ಹೊಸ ಕುಣಿ ತೋಡಿದರೆ ಹಳೆಯ ಎಲುಬು ಮೇಲೆ ಬರುತ್ತಿದ್ದವು. ಕೊನೆಗೆ ಸಭೆಯವರೇ ಇನ್ನು ಅಲ್ಲಿ ಯಾರನ್ನೂ ಹೂಳಬಾರದೆಂದು ತೀರ್ಮಾನಿಸಿದರು. ಅರ್ಜಿಗಳು ಹೋದವು, ಜಾಗ ಬರಲಿಲ್ಲ.

ಆಗ ಚುನಾವಣೆ ಬಂತು. ಯೋನಪ್ಪ ತೀರಿಕೊಂಡು, ಅವನ ಮಗ ಓಬೇದ ಹಿರಿಯನಾಗಿದ್ದ ಕಾಲ. ಒಂದು ಶನಿವಾರ ಸಂಜೆ ಓಬೇದ ಒಬ್ಬ ಅಭ್ಯರ್ಥಿಯನ್ನು ಕರೆದುಕೊಂಡು ಬಂದ.

"ಪಾಸ್ಟರ, ನಾಳೆ ಆರಾಧನಾ ಮುಗದ ಮ್ಯಾಲ ಸಾಹೇಬ್ರು ಈ ಪೀಠದ ಹಿಂದ ನಿಂತು ಎರಡು ಮಾತು ಹೇಳ್ತಾರ. ಇವರಿಗೆ ಓಟ್ ಹಾಕ್ರಿ ಅಂತ ನೀವೂ ಒಂದು ಮಾತು ಅಂದ್ರ ಸಾಕು. ಗೆದ್ದ ಮ್ಯಾಲ ಸ್ಮಶಾನಕ್ಕ ಜಾಗ ಕೊಡಸ್ತಾರ."

ಪಾಸ್ಟರು ಅಭ್ಯರ್ಥಿಗೆ ಕೈ ಮುಗಿದರು. "ನಾಳೆ ಬರ್ರಿ ಸಾಹೇಬ್ರ, ಮುಂದಿನ ಬೆಂಚಿನ್ಯಾಗ ಕೂಡ್ರಿ. ನಿಮಗೋಸ್ಕರ ಪ್ರಾರ್ಥನಾ ಮಾಡೂಣು. ನಿಮ್ಮ ಎದುರಿಗೆ ನಿಂತವರಿಗೂ ಮಾಡೂಣು. ಇಲ್ಲಿ ಮಾತ್ರ ನಿಲ್ಲಾಕ ಆಗೂದಿಲ್ಲ."

ಅಭ್ಯರ್ಥಿ ನಕ್ಕು ಹೊರಟುಹೋದ. ಓಬೇದ ಹೋಗಲಿಲ್ಲ.

"ನಮ್ಮವ್ವ ಹಾಸಿಗಿ ಹಿಡದಾಳ. ನಾಳೆ ಏನರ ಆದ್ರ ಎಲ್ಲಿ ಇಡೂಣು? ನಿಮ್ಮ ಪ್ರಸಂಗದಾಗ ಹೂಳೂಣೇನು?"

ಅವನು ಹೋದ ಮೇಲೆ ಪಾಸ್ಟರು ನನ್ನ ಹಿಂದೆ ನಿಂತು ಸತ್ಯವೇದದ ಹಾಳೆ ತಿರುವತೊಡಗಿದರು.

ಮರುದಿನ ಅವರು ಅಬ್ರಹಾಮನ ಕಥೆ ತೆಗೆದರು. ಹೆಂಡತಿ ಸಾರಳನ್ನು ಹೂಳಲು ಅವನಿಗೆ ಅಂಗೈಯಗಲ ನೆಲವಿರಲಿಲ್ಲ. ಸುಮ್ಮನೆ ತೆಗೆದುಕೋ ಎಂದು ಊರವರು ಅಂದರೂ, ಬೆಲೆ ತೂಗಿಕೊಟ್ಟೇ ಕೊಂಡ. "ಪುಕ್ಕಟೆ ಕೊಟ್ಟವರು ಮುಂದ ಏನು ಕೇಳ್ತಾರ ಅನ್ನೂದು ಅವಗ ತಿಳದಿತ್ತು," ಎಂದರು ಪಾಸ್ಟರು.

ಹಿಂದಿನ ಬೆಂಚಿನಿಂದ ಓಬೇದ ಎದ್ದು ನಿಂತ. "ಅವನ ಕಡೆ ಕೊಡಾಕ ಬೆಳ್ಳಿ ಇತ್ತು, ಪಾಸ್ಟರ. ನಮ್ಮ ಕಡೆ ಓಟ್ ಅಷ್ಟ ಐತಿ."

ಪ್ರಸಂಗ ಅಲ್ಲಿಗೇ ನಿಂತಿತು.

ಆ ವಾರವೇ ಓಬೇದನ ತಾಯಿ ಮಾರ್ತವ್ವ ತೀರಿಕೊಂಡಳು. ಅವಳನ್ನು ಟೆಂಪೋದಲ್ಲಿ ಜಿಲ್ಲಾಕೇಂದ್ರದ ಸ್ಮಶಾನಕ್ಕೆ ಒಯ್ದರು. ವಾಕ್ಯ ಓದಲೆಂದು ಟೆಂಪೋ ಏರಿದ್ದ ಪಾಸ್ಟರನ್ನು ಓಬೇದ ಕೆಳಗಿಳಿಸಿದನಂತೆ. ಅದಾದ ಕೆಲವು ದಿನಕ್ಕೆ ನಾಲ್ಕು ಜನರೊಂದಿಗೆ ಪ್ರಾರ್ಥನಾಲಯಕ್ಕೆ ಬಂದು ನನ್ನ ಮೇಲೆ ಕೈಯಿಟ್ಟ.

"ಇದು ನಮ್ಮಪ್ಪನ ಕೈಕೆಲಸ. ಒಯ್ತೀನಿ."

ಪಾಸ್ಟರು ಸತ್ಯವೇದವನ್ನು ಎತ್ತಿ ಕಿಟಕಿಯಲ್ಲಿಟ್ಟರು. ಆಮೇಲೆ ಬಂದು ತಾವೇ ನನ್ನ ಒಂದು ತುದಿ ಹಿಡಿದರು. "ಬಾಗಲಾ ಸಣ್ಣದೈತಿ, ಅಡ್ಡ ಹಿಡೀರಿ," ಎಂದರು.

ಸಭೆಯ ಅರ್ಧ ಜನ ನನ್ನ ಹಿಂದೆಯೇ ಹೋದರು. ಗೊಬ್ಬರದ ಅಂಗಡಿಯ ಹಿಂದಿನ ಗೋದಾಮು ಹೊಸ ಸಭೆಯಾಯಿತು. ಅಭ್ಯರ್ಥಿ ಅಲ್ಲಿ ಎರಡೂ ಮೊಣಕೈ ನನ್ನ ಮೇಲೂರಿ ಮಾತಾಡಿದ. ಅವನ ಕಾಲು ಕಂಬದಂತೆ ನಿಂತಿದ್ದವು. ಗೆದ್ದ. ಗೆದ್ದ ಮೇಲೆ ಮರೆಯುತ್ತಾನೆಂದು ಎಲ್ಲರೂ ಅಂದುಕೊಂಡಿದ್ದರು. ಅವನು ಮರೆಯಲಿಲ್ಲ, ಅದನ್ನು ಇದ್ದಂತೆ ಹೇಳಬೇಕು. ಕಲ್ಲಿನ ಕ್ವಾರಿಯ ದಾರಿಯಲ್ಲಿ ಅರ್ಧ ಎಕರೆ ಕೊಡಿಸಿ, ತಂತಿ ಬೇಲಿ, ಕಬ್ಬಿಣದ ಗೇಟು ಹಾಕಿಸಿದ. ಅಂದಿನಿಂದ ಅವನು ಯಾವಾಗ ಬಂದರೂ ಸತ್ಯವೇದ ನನ್ನ ಮೇಲಿಂದ ಇಳಿಯುತ್ತಿತ್ತು, ಹಾರದ ತಟ್ಟೆ ಏರುತ್ತಿತ್ತು. ಓಬೇದ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದ.

ಆ ಹೊಸ ಸ್ಮಶಾನದಲ್ಲಿ ಇನ್ನೂ ಯಾರನ್ನೂ ಹೂತಿರಲಿಲ್ಲ. ಒಂದು ಮಧ್ಯಾಹ್ನ ಪಾಸ್ಟರ ಹೆಂಡತಿ ಕೃಪಾಬಾಯಿ ಗೋದಾಮಿನ ಬಾಗಿಲಲ್ಲಿ ಬಂದು ನಿಂತಳು.

"ಓಬೇದಣ್ಣಾ, ನಮ್ಮವರು ಹೋದ್ರು," ಎಂದಳು. "ಇವತ್ತೊಂದಿನ ಪೀಠ ಕೊಡ್ರಿ. ಅವರು ಇದರ ಹಿಂದ ಭಾಳ ವರ್ಷ ನಿಂತಾರ. ನಾಳೆ ವಾಪಸ್ ಕಳಸ್ತೀನಿ."

ಓಬೇದ ಎದ್ದು ನಿಂತ. "ಎಲ್ಲಿ ಇಡಾವ್ರು, ಅಕ್ಕಾರ?"

"ಜಿಲ್ಲಾಕ ಒಯ್ತೀವಿ. ನಿಮ್ಮವ್ವನ ಮಗ್ಗಲಕ್ಕ ಜಾಗ ಐತಂತ. ಇವರು ವರ್ಷಾ ವರ್ಷಾ ಹೋಗಿ ಅವರ ಕುಣಿ ಮ್ಯಾಲಿನ ಕಸಾ ತಗದು ಬರ್ತಿದ್ರು, ಹಂಗಾಗಿ ಗೊತ್ತೈತಿ."

ಓಬೇದನಿಗೆ ಇದು ಗೊತ್ತಿರಲಿಲ್ಲ. ಅವನು ನನ್ನ ಅಂಚು ಹಿಡಿದುಕೊಂಡ. ಆ ಹಿಡಿತದ ಬಿಗಿ ನನಗೆ ತಿಳಿಯಿತು.

"ನಮ್ಮ ಜಾಗದಾಗ ಇಡೂಣು," ಎಂದ.

"ಅದನ್ನ ಬ್ಯಾಡಂದವರಲ್ಲೇನು ಅವರು?" ಎಂದು ಹಿಂದಿನಿಂದ ಯಾರೋ ಕೇಳಿದರು. ಓಬೇದ ತಿರುಗಿಯೂ ನೋಡಲಿಲ್ಲ. ಕೃಪಾಬಾಯಿಯ ಮುಖವನ್ನೇ ನೋಡುತ್ತಿದ್ದ.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಸತ್ತವರಿಗೆ ಓಟಿಲ್ಲ, ಓಬೇದಣ್ಣಾ. ಇನ್ನ ಅವರಿಂದ ಯಾರಿಗೂ ಏನೂ ಸಿಗೂದಿಲ್ಲ. ಈಗ ಕೊಟ್ರ ಅದು ಕೊಟ್ಟಂಗ. ನಡೀರಿ."

ಕುಣಿಯನ್ನು ಓಬೇದನೇ ತೋಡಿದ. ಕ್ವಾರಿಯ ಕಡೆಯ ನೆಲ, ಸಲಿಕೆ ಇಳಿಯುತ್ತಿರಲಿಲ್ಲ. ಹಾರೆ ಹಿಡಿದು ಸಂಜೆಯವರೆಗೆ ಕಡಿದ. ಎರಡೂ ಸಭೆಯವರು ಬಂದಿದ್ದರು. ನನ್ನನ್ನು ಕುಣಿಯ ತಲೆಯ ಕಡೆ ಇಟ್ಟರು. ವಾಕ್ಯ ಓದಲು ಕೃಪಾಬಾಯಿ ಓಬೇದನಿಗೇ ಹೇಳಿದಳು. ಎರಡು ಸಾಲು ಓದಿ ಅವನು ಸತ್ಯವೇದವನ್ನು ನನ್ನ ಮೇಲಿಟ್ಟು ಪಕ್ಕಕ್ಕೆ ಸರಿದ. ಮಿಕ್ಕಿದ್ದನ್ನು ಅವಳು ಬಾಯಿಪಾಠವಾಗಿ ಹೇಳಿ ಮುಗಿಸಿದಳು.

ಸಭೆಗಳು ಮಾತ್ರ ಒಂದಾಗಲಿಲ್ಲ. ಇಂದಿಗೂ ಬೇರೆ ಬೇರೆಯೇ ಕೂಡುತ್ತವೆ. ಗೋದಾಮಿನ ಸಭೆಗೆ ಈಗ ಗಾಜಿನ ಪೀಠ ಬಂದಿದೆ, ಮೈಕು ಬಂದಿದೆ. ನನ್ನನ್ನು ಆ ದಿನ ಯಾರೂ ವಾಪಸ್ ಒಯ್ಯಲೇ ಇಲ್ಲ. ಸ್ಮಶಾನದ ಗೇಟಿನ ಪಕ್ಕ ತಗಡಿನ ಸೂರಿನ ಕೆಳಗೆ, ಹಾರೆ ಸಲಿಕೆಗಳ ಜೊತೆ ಇದ್ದೇನೆ. ಯಾರಾದರೂ ತೀರಿಕೊಂಡರೆ ಹೊರಗೆ ತಂದು ಧೂಳು ಒರೆಸುತ್ತಾರೆ. ಯಾವ ಸಭೆಯ ಪಾಸ್ಟರಾದರೂ ನನ್ನ ಹಿಂದೆ ನಿಂತು ಒಂದು ವಾಕ್ಯ ಓದುತ್ತಾರೆ, ಒಂದು ಪ್ರಾರ್ಥನೆ ಮಾಡುತ್ತಾರೆ, ಸರಿದು ನಿಲ್ಲುತ್ತಾರೆ.

ಜೀವಮಾನವೆಲ್ಲ ಮಾತು ಹೊತ್ತವನು ನಾನು. ಇಲ್ಲಿ ಯಾರೂ ಉದ್ದ ಮಾತಾಡುವುದಿಲ್ಲ. ಮಾತು ಮುಗಿದ ಮೇಲೆ ಆ ಸಭೆಯವರು, ಈ ಸಭೆಯವರು, ಒಬ್ಬರ ಹಿಂದೊಬ್ಬರು ಬಗ್ಗಿ, ಹಿಡಿ ಮಣ್ಣು ಹಾಕಿ ಹೋಗುತ್ತಾರೆ.