ಮೆಲುದನಿಯ ಪರೀಕ್ಷಕ

“ಅಕ್ಕಾ, ಗಾಡಿ ಬಂತು!” ಬಾಗಿಲಿಂದಲೇ ಎರಡೂ ಕೈ ಬೀಸುತ್ತ ತಮ್ಮ ಕೂಗಿದ.

“ಕಿರುಚಬೇಡ್ವೋ. ನಾನೇನು ಬಾವಿಲಿ ಬಿದ್ದಿದೀನಾ?” ಕಿವಿಯ ಯಂತ್ರವನ್ನು ಒತ್ತಿಕೊಳ್ಳುತ್ತ ಅವಳು ಗದರಿದಳು. ಬೆಳಗಿನಿಂದ ಬಂದವರೆಲ್ಲ ಹೀಗೇ. ಅಳುವುದಕ್ಕೂ ಬಿಡದ ಕೂಗಾಟ. ಗಂಡ ನಡುಮನೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದ.

“ಒಳ್ಳೇ ಮನುಷ್ಯ,” ಎಂದಳು ಪಕ್ಕದ ಮನೆಯಾಕೆ.

“ಒಳ್ಳೆಯವರೇ. ಬದುಕೋಕೆ ಬರಲಿಲ್ಲ, ಅಷ್ಟೇ.”

*

ಕಿವಿಯ ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ಅವನು ಪರೀಕ್ಷಕನಾಗಿದ್ದ. ಯಂತ್ರಕ್ಕೊಂದು ಶುದ್ಧ ಸ್ವರ ಕೊಟ್ಟು, ಅದನ್ನು ಪಿಸುಮಾತಿನ ಮಟ್ಟದಿಂದ ಕೂಗಿನ ಮಟ್ಟಕ್ಕೆ ಏರಿಸುತ್ತ ಹೋಗಿ, ಹೊರಬರುವ ಸ್ವರ ಎಲ್ಲಿ ಸೊಟ್ಟಗಾಗುತ್ತದೆಂದು ಅಳೆಯುವುದು ಅವನ ಕೆಲಸ. ಒಮ್ಮೆ ಬಂದ ಹೊಸ ಮಾದರಿ ಜೋರು ದನಿಗೆ ಅಪರಂಜಿ. ಮೆಲುದನಿಗೆ ಮಾತ್ರ ಕರಕರ ಒಡೆಯುತ್ತಿತ್ತು. ಅವನು ಒಪ್ಪಿಗೆ ಕೊಡಲಿಲ್ಲ.

“ಕಿವುಡರ ಹತ್ರ ಯಾರು ಮೆಲ್ಲಗೆ ಮಾತಾಡ್ತಾರೋ ಮಾರಾಯ?” ಪಕ್ಕದ ಮೇಜಿನಲ್ಲಿದ್ದ ಅವನ ಷಡ್ಡಕ ಹಣೆ ಚಚ್ಚಿಕೊಂಡ.

“ಯಾರೂ ಮಾತಾಡಲ್ಲ. ಅದೇ ಅವರ ಕಷ್ಟ.”

ಅವನನ್ನು ಡಬ್ಬಿ ಕಟ್ಟುವ ಕೋಣೆಗೆ ಹಾಕಿದರು. ಷಡ್ಡಕ ಒಪ್ಪಿಗೆ ಕೊಟ್ಟು ಅವನ ಕುರ್ಚಿಯಲ್ಲಿ ಕೂತ. “ನನ್ನ ತಂಗಿ ಗಂಡನ್ನ ನೋಡಿ ಕಲೀರಿ,” ಎಂದು ಹೆಂಡತಿ ಅವನ ನಿವೃತ್ತಿಯವರೆಗೂ ಹಂಗಿಸಿದಳು. ಅವಳ ಕಿವಿ ಮಂದವಾದಾಗ ಅವನೇ ಒಂದು ಯಂತ್ರವನ್ನು ಕೂತು ಹದಮಾಡಿ ತೊಡಿಸಿದ. “ಥೂ, ಇರುವೆ ನಡೆದ್ರೂ ಕೇಳುತ್ತೆ,” ಎಂದು ಅದಕ್ಕೂ ಗೊಣಗಿದಳು.

*

ಅವಳ ಬೆನ್ನ ಹಿಂದೆ ಷಡ್ಡಕ ತಮ್ಮನಿಗೆ ಪಿಸುಗುಟ್ಟುತ್ತಿದ್ದ. “ನಿಮ್ಮ ಭಾವ ಹೇಳಿದ್ದೇ ಸರಿ ಕಣಯ್ಯ. ಆ ಮಾದರಿ ಯಂತ್ರಗಳೆಲ್ಲ ವಾಪಸ್ ಬಂದ್ವು. ನಾನೇ ಮುಚ್ಚಿಹಾಕ್ದೆ.”

“ಶ್! ಅಕ್ಕ ಇಲ್ಲೇ ಇದಾಳೆ.”

“ಅವರಿಗೆಲ್ಲಿ ಕೇಳುತ್ತೆ, ಬಿಡು.”

ಅವಳು ಎದ್ದಳು. ಷಡ್ಡಕನ ತೋಳು ಹಿಡಿದು ಹೆಣದ ಬಳಿಗೆ ಎಳೆದೊಯ್ದಳು.

“ಅವರಿಗೆ ಹೇಳಿ.”

“ಅತ್ತಿಗೆ... ಜನ ನೋಡ್ತಿದಾರೆ.”

“ನೋಡ್ಲಿ. ಇಷ್ಟು ವರ್ಷ ನನ್ನ ಬಾಯಲ್ಲಿ ಬೈಸಿದ್ರಲ್ಲ, ಹೇಳಿ!”

ಹೊರಗೆ ಗಾಡಿಯವನು ಹೊತ್ತಾಯಿತೆಂದು ಹಾರ್ನ್ ಒತ್ತಿದ. ಯಾರೂ ಕದಲಲಿಲ್ಲ. ಷಡ್ಡಕ ಮಂಡಿಯೂರಿ ಬಾಗಿದ. ಅವಳು ಎದುರು ಬದಿಯಲ್ಲಿ ಕೂತು, ಹೊದಿಕೆಯ ಅಂಚನ್ನು ಗಂಡನ ಕಿವಿಯಿಂದ ಸರಿಸಿ ಹಿಡಿದಳು.