ಹೆಜ್ಜೆಗೊಂದು ಹೆಸರು

ನನ್ನ ಅತ್ತೆ ರುಕ್ಮಿಣಮ್ಮ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರೇ ಅಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ಅವರ ತಾಯಿ ಕಲಿಸಿದ್ದರಂತೆ. ಬ್ಯಾಂಕಿನಲ್ಲಿ ಯಜಮಾನರ ಹೆಸರು ಕೇಳಿದರೆ ನನ್ನ ಮುಖ ನೋಡುತ್ತಿದ್ದರು, ನಾನು ಚನ್ನಕೇಶವ ಅನ್ನುತ್ತಿದ್ದೆ. ಸೊಸೆ ಹೇಳಿದರೆ ಮಾವನ ಆಯಸ್ಸಿಗೆ ಏನೂ ಆಗುವುದಿಲ್ಲವೇ ಎಂದು ಒಮ್ಮೆ ರೇಗಿಸಿದ್ದೆ. ಅವರು ನಗಲಿಲ್ಲ.

ಕಾಫಿ ಕುಯ್ಲಿನ ಗಡಿಬಿಡಿಯಲ್ಲೇ ಅತ್ತೆಗೆ ಸ್ಟ್ರೋಕ್ ಆಯಿತು. ಬಲಗಾಲು ಸೋತಿತು. ಕೂತರೆ ಮಾತಾಡುತ್ತಿದ್ದರು, ಬಾಯಿಮುಚ್ಚಿಕೊಂಡರೆ ಗೋಡೆ ಹಿಡಿದು ನಡೆಯುತ್ತಿದ್ದರು, ಎರಡೂ ಒಟ್ಟಿಗೆ ಆಗುತ್ತಿರಲಿಲ್ಲ. ಊಟಕ್ಕೇನಮ್ಮ ಎಂದು ನನ್ನ ಗಂಡ ಅಶ್ವಿನ್ ಕೇಳಿದ್ದಕ್ಕೆ ಉತ್ತರ ಕೊಡಲು ಹೋಗಿ ನಡುಮನೆಯಲ್ಲೇ ಬಿದ್ದರು. ಆಮೇಲೆ ಅವರು ನಡೆಯುವಾಗ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು.

ಚಿಕ್ಕಮಗಳೂರಿನ ಫಿಸಿಯೋಥೆರಪಿ ಸೆಂಟರಿನ ಕವನಾ ಇದಕ್ಕೆ ತದ್ವಿರುದ್ಧ. ತಲೆಗೆ ಪಟ್ಟಿ ಕಟ್ಟಿ, ಅದರಡಿ ಎರಡು ಒದ್ದೆ ಸ್ಪಂಜು ಇಟ್ಟು, ಸಣ್ಣಗೆ ಕರೆಂಟು ಹರಿಸುತ್ತಾ ಅತ್ತೆಯನ್ನು ನಡೆಸುವಳು, ನಡೆಸುತ್ತಲೇ ಮಾತಾಡಿಸುವಳು. ಎರಡು ಕೆಲಸ ಒಟ್ಟಿಗೆ ಮಾಡುವುದನ್ನು ಮಿದುಳು ಮತ್ತೆ ಕಲಿಯಬೇಕು, ಕರೆಂಟು ಅದಕ್ಕೆ ಒಂದಿಷ್ಟು ಒತ್ತಾಸೆ ಆಗಬಹುದು, ಗ್ಯಾರಂಟಿ ಇಲ್ಲ, ಆದರೆ ಈ ಕೆಲವು ತಿಂಗಳು ಕೈಬಿಟ್ಟರೆ ಆಮೇಲೆ ಬಲು ಕಷ್ಟ ಎಂದಳು. ಅತ್ತೆ ಹೆದರಿದರು. ನಮ್ಮೂರು ಮಲ್ಲಂದೂರಿಗೇ ನೆಟ್ಟಗೆ ಬಾರದ ಕರೆಂಟು ನಿನ್ನ ತಲೆಗೆ ಎಷ್ಟು ಬಂದೀತು ಎಂದು ಮಾವ ಸಮಾಧಾನ ಮಾಡಿದರು.

ತರಕಾರಿ ಹೆಸರು ಹೇಳಿಸಿದರೆ ಬದನೆ ಅನ್ನುವಷ್ಟರಲ್ಲಿ ಕಾಲು ನಿಲ್ಲುತ್ತಿತ್ತು. ಒಂದು ದಿನ ಕವನಾ ಮನೆಯವರ ಹೆಸರು ಹೇಳಿ ಎಂದಳು. ಅಶ್ವಿನ್ ಆಯಿತು, ನನ್ನ ಹೆಸರು ಮೇಘಶ್ರೀ ಆಯಿತು, ಅಲ್ಲಿಗೆ ಅತ್ತೆ ನಿಂತುಬಿಟ್ಟರು. ಅವರಿಗೆ ಮರೆತಿದೆ ಎಂದುಕೊಂಡು ಆ ಹುಡುಗಿ, ನಿಮ್ಮ ಯಜಮಾನ್ರು, ಯಜಮಾನ್ರು ಎಂದು ನೆನಪಿಸತೊಡಗಿದಳು. ಮರೆತದ್ದಲ್ಲ ಎಂದು ನಾನು ವಿವರಿಸುವ ಮೊದಲೇ ಬೆಂಚಿನ ಮೇಲಿದ್ದ ಮಾವ ಬಾಯಿ ಹಾಕಿದರು.

"ಹೇಳು ಮಾರಾಯ್ತಿ, ನಾನೇನು ಸಾಯೋದಿಲ್ಲ. ನೀನು ನಡೆದ್ರೆ ಸಾಕು ನಂಗೆ."

ಅತ್ತೆ ತಿರುಗಿ ಮಾವನ ಮುಖ ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಸಣ್ಣ ದನಿಯಲ್ಲಿ, ಚನ್ನಕೇಶವ ಅಂದರು. ಅನ್ನುವಾಗಲೇ ಬಲಗಾಲು ಮುಂದೆ ಬಂತು. ಮತ್ತೊಮ್ಮೆ ಅಂದರು, ಮತ್ತೊಂದು ಹೆಜ್ಜೆ ಬಂತು. ಹಾಗೇ ಅನ್ನುತ್ತಾ ಆಚೆ ಗೋಡೆ ಮುಟ್ಟಿದರು. ಮಾವ ಮೂಗು ಒರೆಸಿಕೊಳ್ಳುತ್ತಿದ್ದರು, ನಾನೂ ಅಳುತ್ತಿದ್ದೆ.

ಮನೆಯಲ್ಲೂ ಇದನ್ನೇ ಅಭ್ಯಾಸ ಮಾಡಿಸಿ ಎಂದಳು ಕವನಾ. ಕಾಫಿ ಒಣಗುವ ಕಣದ ಅಂಚಿನಲ್ಲಿ ಮಾವ ಮುಂದೆ, ಅತ್ತೆ ಹಿಂದೆ, ಹೆಜ್ಜೆಗೊಂದು ಚನ್ನಕೇಶವ. ಸಾಲ ಕೊಟ್ಟವಳ ಹಾಗೆ ಕೂಗ್ತೀಯಲ್ಲೇ ಎಂದು ಮಾವ ಛೇಡಿಸುವರು, ಅತ್ತೆ ನಾಚಿಕೊಂಡು ನಗುವರು. ನಾನು ಈ ಮನೆಗೆ ಬಂದ ಮೇಲೆ ಅವರಿಬ್ಬರನ್ನು ಅಷ್ಟು ಖುಷಿಯಾಗಿ ಕಂಡದ್ದು ಆಗಲೇ.

ಮೆಣಸು ಕುಯ್ಲು ಬಂತು. ಈ ವಯಸ್ಸಿನಲ್ಲಿ ಏಣಿ ಹತ್ತಬೇಡಿ ಎಂದರೆ ಮಾವ ಕೇಳಿದವರಲ್ಲ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒರಗಿಸಿದ ಏಣಿ ಜಾರಿತು. ಭುಜದ ಮೂಳೆ ಮುರಿಯಿತು, ಪಕ್ಕೆಲುಬು ಮುರಿದು ಉಸಿರಾಟಕ್ಕೇ ಕಷ್ಟವಾಗಿ ಐಸಿಯುನಲ್ಲಿ ಮಲಗಿದರು. ಬದುಕಿ ಬಂದದ್ದೇ ದೊಡ್ಡದು. ಅವರು ಮನೆಗೆ ಬರುವಷ್ಟರಲ್ಲಿ ಅತ್ತೆ ಜಗಲಿಯ ಕುರ್ಚಿ ಹಿಡಿದಾಗಿತ್ತು. ಸೆಂಟರಿಗೂ ಇಲ್ಲ, ಕಣಕ್ಕೂ ಇಲ್ಲ.

ಕವನಾ ಫೋನು ಮಾಡಿ ಆ ಹೆಸರು ಇನ್ನು ಹೇಳಿಸುವುದೇ ಇಲ್ಲ, ಬನ್ನಿ ಎಂದಳು. ಏಣಿ ಜಾರಿದ್ದು ಪಾಚಿಗೆ, ನಿನ್ನ ಬಾಯಿಗಲ್ಲ ಎಂದು ಮಾವ ಕೈಗೆ ಪಟ್ಟಿ ಕಟ್ಟಿಕೊಂಡೇ ದಿನವೂ ಅಂಗಲಾಚಿದರು. ಅತ್ತೆಯ ಕಾಲು ಕಣ್ಣೆದುರೇ ಮತ್ತೆ ಸೊರಗುತ್ತಿತ್ತು. ನನಗೆ ದುಃಖಕ್ಕಿಂತ ಸಿಟ್ಟು ಬಂತು.

ಒಂದು ಬೆಳಿಗ್ಗೆ ಅವರ ಮುಂದೆ ಕೂತು ರೇಗಿಯೇಬಿಟ್ಟೆ. "ಹೆಸರು ಹೇಳ್ಬೇಡಿ ಅತ್ತೆ, ಯಾರು ಹೇಳಿ ಅಂದ್ರು? ತರಕಾರಿ ಹೇಳಿ. ಏನೂ ಹೇಳ್ದೆ ಸುಮ್ನೆ ನಡೀರಿ. ಹೀಗೇ ಕೂತ್ರೆ ಇನ್ನು ಏಳೋದೇ ಇಲ್ಲ ನೀವು."

ಅವರು ಸಿಟ್ಟಾಗಲಿಲ್ಲ. ನನ್ನ ಕೈ ಹಿಡಿದುಕೊಂಡರು.

"ಆಗೋದಿಲ್ಲ ಮೇಘ. ಈ ಕಾಲು ಎತ್ತಿದ್ರೆ ಸಾಕು, ಅವ್ರ ಹೆಸ್ರು ತಾನಾಗೇ ಬಾಯಿಗೆ ಬರ್ತದೆ. ನುಂಗಿದ್ರೂ ಬರ್ತದೆ. ನನ್ ಕಾಲು ಹೋದ್ರೆ ಹೋಗ್ಲಿ."

ಮಾವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಏಳು ಏಳು ಎಂದು ಅಷ್ಟು ದಿನ ಬೇಡಿಕೊಂಡ ಮನುಷ್ಯ ಮೆಲ್ಲಗೆ ಬಂದು, ಆಡುವ ಒಂದು ಕೈಯಲ್ಲೇ ಅತ್ತೆಯ ಕಾಲಿನ ಮೇಲೆ ಶಾಲು ಸರಿಮಾಡಿದರು.

"ಕೂತಿರು," ಅಂದರು.

ಆಮೇಲೆ ಅತ್ತೆಗೆ ಕುಡಿಯಲು ನೀರು ತರಲು ಒಳಗೆ ಹೋದರು.